ದೊಡ್ಡಳಿಯನ ಡಿವಿಡಿ

ದೊಡ್ಡಳಿಯನಿಗೆ ಹೊಟ್ಟೆಕಿಚ್ಚು ಎಂದು ಯಾರಾದರೂ ಅಂದರೆ ಅವನು ಜಗಳಕ್ಕೇ ನಿಲ್ಲುತ್ತಿದ್ದ. 'ನನಗ್ಯಾಕ್ರೀ ಹೊಟ್ಟೆಕಿಚ್ಚು? ನನಗೇನು ಕಮ್ಮಿಯಾಗಿದೆ?' ಎನ್ನುತ್ತಿದ್ದ. ಕಮ್ಮಿಯಂತೂ ಏನೂ ಆಗಿರಲಿಲ್ಲ. ಬೀದಿಯ ಮೂಲೆಯಲ್ಲಿ ಸ್ವಂತ ಕನ್ನಡಕದಂಗಡಿ, ಗಾಜು ಉಜ್ಜುವ ಯಂತ್ರ, ಗೋಡೆ ತುಂಬ ಫ್ರೇಮುಗಳು, ಹತ್ತಿರದ್ದು ಕಾಣದವರೂ ದೂರದ್ದು ಕಾಣದವರೂ ಹುಡುಕಿಕೊಂಡು ಬರುವಷ್ಟು ಹೆಸರು. ಊರಿನವರ ಮೇಲೆಲ್ಲ ಅವನಿಗೆ ಪ್ರೀತಿಯೇ. ಹೊಟ್ಟೆಯುರಿ ಇದ್ದದ್ದು ಒಬ್ಬನೇ ಒಬ್ಬನ ಮೇಲೆ. ಅವನು ಹೆಂಡತಿಯ ತಂಗಿಯ ಗಂಡ, ಇವನ ಷಡ್ಡಕ, ಮನೆಯವರೆಲ್ಲರ ಬಾಯಲ್ಲಿ ಚಿಕ್ಕಳಿಯ.

ಮಾವ ತೀರಿಕೊಂಡ ಮೇಲೆ ಅತ್ತೆ ದೊಡ್ಡಳಿಯನ ಮನೆಗೇ ಬಂದು ಇದ್ದರು. ಬೆಳಗ್ಗೆ ಎದ್ದು ಅವರ ಕಣ್ಣಿಗೆ ಔಷಧಿಯ ಹನಿ ಹಾಕುವವನು ಇವನು. ಡಾಕ್ಟರ ಹತ್ತಿರ ಕರೆದೊಯ್ಯುವವನು, ಕಳೆದುಹೋದ ಚಪ್ಪಲಿಯನ್ನು ಮಂಚದ ಕೆಳಗಿಂದ ಎಳೆದುಕೊಡುವವನು, ಎಲ್ಲ ಇವನೇ. ಚಿಕ್ಕಳಿಯ ಬರುತ್ತಿದ್ದದ್ದು ಅಪರೂಪಕ್ಕೆ. ಆದರೆ ಅವನು ಬರುತ್ತಾನೆಂದರೆ ಸಾಕು, ಮನೆಯೇ ತುದಿಗಾಲಲ್ಲಿ ನಿಲ್ಲುತ್ತಿತ್ತು. ಅವನು ಜೋರಾಗಿ ನಗುತ್ತಿದ್ದ, ಎಲ್ಲರನ್ನೂ ನಗಿಸುತ್ತಿದ್ದ, ಒಂದು ಲೋಟ ನೀರನ್ನೂ ಎತ್ತಿಡದೆ ಹೊರಟುಹೋಗುತ್ತಿದ್ದ. ಅವನು ಹೋದ ಮೇಲೆ ವಾರವಿಡೀ ಅವನದೇ ಗುಣಗಾನ. ದೊಡ್ಡಳಿಯ ಅದನ್ನು ಕೇಳುತ್ತ ಹಲ್ಲು ಕಚ್ಚಿಕೊಂಡು ಊಟ ಮಾಡುತ್ತಿದ್ದ.

ಇಷ್ಟಾದರೂ ಹೇಗೋ ಸಹಿಸಿಕೊಂಡಿದ್ದ. ಅತ್ತೆಯ ಹುಟ್ಟುಹಬ್ಬ ಕಳೆದ ಮೇಲೆ ಚಿಕ್ಕಳಿಯ ಒಂದು ಡಿವಿಡಿ ತಂದುಕೊಟ್ಟನಲ್ಲ, ಅಲ್ಲಿಗೆ ಸಹನೆಯ ಕಟ್ಟೆ ಒಡೆಯಿತು. ಹುಟ್ಟುಹಬ್ಬದ ದಿನ ಮೊಬೈಲಿನಲ್ಲಿ ತೆಗೆದದ್ದನ್ನೆಲ್ಲ ಕಂಪ್ಯೂಟರಿನಲ್ಲಿ ಜೋಡಿಸಿ, ಟೀವಿಯಲ್ಲಿ ಹಾಕಿಕೊಳ್ಳುವ ಹಾಗೆ ಮಾಡಿ ತಂದಿದ್ದ. ಅದರಲ್ಲಿ ಮನೆಮಂದಿಯೆಲ್ಲ ಒಬ್ಬೊಬ್ಬರಾಗಿ ಬಂದು ಅತ್ತೆಗೆ ಎರಡು ಮಾತು ಹೇಳುತ್ತಿದ್ದರು. ದೊಡ್ಡಳಿಯ ಎಲ್ಲಿ? ಅವನೂ ಇದ್ದ. ಕುರ್ಚಿಗಳನ್ನು ಹೊತ್ತುಕೊಂಡು ಹೋಗುವ ಒಂದು ಬೆನ್ನು, ಕುತ್ತಿಗೆಯಿಂದ ಮೇಲೆ ಏನೂ ಇಲ್ಲ, ಅದೇ ಅವನು.

'ಎಷ್ಟು ಚೆನ್ನಾಗಿ ಮಾಡಿದಾರೆ ನೋಡು!' ಎಂದರು ಅತ್ತೆ.

ಅಂದಿನಿಂದ ಮಧ್ಯಾಹ್ನದ ಊಟ ಆದಮೇಲೆ ಅವರಿಗೆ ಅದು ಬೇಕೇ ಬೇಕು. ಅವರಿಗೆ ರಿಮೋಟಿನ ಗುಂಡಿಗಳು ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಊಟಕ್ಕೆ ಬಂದ ದೊಡ್ಡಳಿಯನೇ ಅಂಗಡಿಗೆ ವಾಪಸು ಹೋಗುವ ಮುಂಚೆ, ತನ್ನ ಕೈಯಾರೆ, ಷಡ್ಡಕನ ಡಿವಿಡಿಯನ್ನು ಪ್ಲೇಯರಿಗೆ ಹಾಕಿ ಹೋಗಬೇಕು. ಉರಿಯುವ ಹೊಟ್ಟೆಗೆ ಇದಕ್ಕಿಂತ ತುಪ್ಪ ಬೇಕೇ? ಒಂದು ದಿನ ಅವನು ತೀರ್ಮಾನಿಸಿದ. ತಾನೂ ಒಂದು ಮಾಡಬೇಕು. ಊಟ ಆದಮೇಲೆ ಅತ್ತೆ 'ಅದು ಬೇಡ, ನಿನ್ನದನ್ನ ಹಾಕು' ಎನ್ನಬೇಕು. ಅದೊಂದು ಮಾತು ಕೇಳಿದರೆ ಸಾಕಿತ್ತು ಅವನಿಗೆ.

ಅವನ ಹತ್ತಿರ ಬಂಡವಾಳವೂ ಇತ್ತು. ಮಾವ ಇದ್ದಾಗ, ಹಳೆಯ ಮನೆಯ ತಾರಸಿಯ ಮೇಲೆ ಎಲ್ಲರೂ ಕೂತು ಹರಟುತ್ತಿದ್ದಾಗ ಅವನೇ ಕ್ಯಾಮೆರಾ ಹಿಡಿದು ತೆಗೆದ ವಿಡಿಯೋಗಳು. ಚಿಕ್ಕಳಿಯನ ಡಿವಿಡಿಯಲ್ಲಿ ಮಾವ ಎಲ್ಲಿಂದ ಬರಬೇಕು? ಇದೊಂದರಲ್ಲೇ ಅವನನ್ನು ಮಕಾಡೆ ಮಲಗಿಸಬಹುದು ಎಂದುಕೊಂಡ.

ಅಂಗಡಿಯ ಹಿಂದಿನ ಕೋಣೆಯಲ್ಲಿದ್ದ ಕಂಪ್ಯೂಟರನ್ನು ಮನೆಗೆ ತಂದು, ವಿಡಿಯೋ ಜೋಡಿಸುವ ಸಾಫ್ಟ್‌ವೇರ್ ಹಾಕಿಕೊಂಡ. ತೆರೆದ ಕೂಡಲೇ ಪರದೆಯ ತುಂಬ ಗುಂಡಿಗಳು. ಮೇಲೆ ಒಂದು ಕಿಟಕಿ, ಕೆಳಗೆ ಉದ್ದುದ್ದ ಪಟ್ಟಿಗಳು. ಚಿತ್ರ ಒಂದು ಪಟ್ಟಿಯಲ್ಲಿ, ಧ್ವನಿ ಇನ್ನೊಂದರಲ್ಲಿ. ಒಂದನ್ನು ಎಳೆದರೆ ಇನ್ನೊಂದು ಅಲ್ಲೇ ಕೂತಿರುತ್ತಿತ್ತು. ನಾದಿನಿ ಬಾಯಿ ತೆರೆದರೆ ನಾಯಿ ಬೊಗಳುವುದು ಕೇಳಿಸುತ್ತಿತ್ತು. ಅದನ್ನು ಸರಿಮಾಡಲು ಹೋದರೆ ನಾದಿನಿಯೇ ಮಾಯವಾಗುತ್ತಿದ್ದಳು. ವಿಡಿಯೋಗಳು ಚೆಲ್ಲಾಪಿಲ್ಲಿಯಾಗಿವೆ ಎಂದು ಎಲ್ಲವನ್ನೂ ಒಂದು ಹೊಸ ಫೋಲ್ಡರಿಗೆ ಸಾಗಿಸಿ ಅಚ್ಚುಕಟ್ಟು ಮಾಡಿದ. ಮರುದಿನ ತೆರೆದರೆ ಪಟ್ಟಿಯಲ್ಲಿದ್ದ ತುಣುಕುಗಳೆಲ್ಲ ಕೆಂಪಾಗಿ 'ಫೈಲ್ ಸಿಗುತ್ತಿಲ್ಲ' ಎಂದು ಕೂತಿದ್ದವು. 'ಕಣ್ಣೆದುರಿಗೇ ಇದೆಯಲ್ಲೋ ದರಿದ್ರದ್ದೇ!' ಎಂದು ಅವನು ಕಂಪ್ಯೂಟರಿಗೆ ಬೈದ.

ಅಂತೂ ಇಂತೂ ಜೋಡಿಸಿ ಮುಗಿಸಿ, ಸೇವ್ ಒತ್ತಿ, ಆ ಫೈಲನ್ನು ಡಿವಿಡಿಗೆ ಹಾಕಿ ಪ್ಲೇಯರಿಗೆ ತುರುಕಿದ. 'ಡಿಸ್ಕ್ ಇಲ್ಲ' ಎಂದಿತು ಪ್ಲೇಯರು. ಇನ್ನೊಂದಕ್ಕೆ ಹಾಕಿದ. ಅದಕ್ಕೂ ಅದೇ ಉತ್ತರ. ಅದೇ ಡಿಸ್ಕನ್ನು ಕಂಪ್ಯೂಟರಿಗೆ ಹಾಕಿದರೆ ಚೆನ್ನಾಗಿ ಓಡುತ್ತಿತ್ತು. ಪ್ಲೇಯರೂ ಚಿಕ್ಕಳಿಯನ ಕಡೆ ಸೇರಿಕೊಂಡಿದೆ ಎಂದೇ ಅವನಿಗೆ ಅನಿಸಿತು. ಹಾಳಾದ ಡಿಸ್ಕುಗಳನ್ನು ಹೆಂಡತಿ ಹಾಲಿನ ಪಾತ್ರೆಗೂ ನೀರಿನ ಚೊಂಬಿಗೂ ಮುಚ್ಚಳ ಮಾಡಿಕೊಂಡಳು.

'ಸುಮ್ನೆ ತಂಗಿ ಗಂಡನ್ನ ಒಂದು ಮಾತು ಕೇಳ್ಬಾರ್ದಾ? ಬಾಯಲ್ಲಿರೋ ಮುತ್ತು ಉದುರಿಹೋಗತ್ತಾ?' ಎಂದಳು.

'ಅವನನ್ನ ಕೇಳೋದಕ್ಕಿಂತ ಅಂಗಡಿಗೆ ಬೀಗ ಹಾಕ್ತೀನಿ,' ಎಂದ ಇವನು.

ಆದರೆ ಹಾಲಿನ ಪಾತ್ರೆಗಳೆಲ್ಲ ಮುಚ್ಚಿ ಮುಗಿದ ಮೇಲೆ ಬೇರೆ ದಾರಿ ಉಳಿಯಲಿಲ್ಲ. ಅಂಗಡಿಯಿಂದ ಫೋನು ಮಾಡಿದ. 'ಅದೇನಿಲ್ಲ, ನಮ್ಮ ಗಿರಾಕಿ ಒಬ್ರು ಕೇಳ್ತಿದ್ರು...' ಎಂದು ಶುರುಮಾಡಿ ಇಡೀ ಕತೆಯನ್ನು ಗಿರಾಕಿಯ ತಲೆಗೆ ಕಟ್ಟಿದ.

'ಭಾವ, ಅವರು ಸೇವ್ ಮಾಡಿರೋದು ಪ್ರಾಜೆಕ್ಟು, ವಿಡಿಯೋ ಅಲ್ಲ,' ಎಂದ ಚಿಕ್ಕಳಿಯ. 'ಅದು ಬರೀ ಯಾವುದರ ಪಕ್ಕ ಯಾವುದು ಅಂತ ನೆನಪಿಟ್ಕೊಂಡಿರತ್ತೆ ಅಷ್ಟೆ. ವಿಡಿಯೋಗಳೆಲ್ಲ ಕಂಪ್ಯೂಟರಲ್ಲೇ ಇರ್ತವೆ, ಅದಕ್ಕೇ ಅಲ್ಲಿ ಮಾತ್ರ ಓಡತ್ತೆ. ಮೊದಲು ಎಲ್ಲಾ ಸೇರಿಸಿ ಒಂದೇ ವಿಡಿಯೋ ಮಾಡ್ಬೇಕು. ಆಮೇಲೆ ಡಿಸ್ಕಿಗೆ ಹಾಕುವಾಗ ವಿಡಿಯೋ ಡಿವಿಡಿ ಅಂತಲೇ ಆರಿಸ್ಕೋಬೇಕು.' ಆಮೇಲೆ ಗಹಗಹಿಸಿ ನಕ್ಕು, 'ನಿಮ್ಮ ಗಿರಾಕಿಗೆ ಹಟ ಜಾಸ್ತಿ ಅನ್ಸತ್ತೆ ಭಾವ,' ಎಂದ.

ಫೋನಿಟ್ಟ ಮೇಲೆ ದೊಡ್ಡಳಿಯನ ಮೈಯೆಲ್ಲ ಉರಿಯಿತು. ಕಲಿಸಿಕೊಟ್ಟದ್ದಕ್ಕೆ ಇನ್ನೂ ಹೆಚ್ಚು ಉರಿಯಿತು. ಆ ನಗು ಕಿವಿಯಲ್ಲಿರುವಾಗಲೇ ಮನೆಗೆ ಬಂದು ಕಂಪ್ಯೂಟರಿನ ಮುಂದೆ ಕೂತ. ಡಿಸ್ಕಿಗೆ ಹಾಕುವ ಮುಂಚೆ ಎಲ್ಲವನ್ನೂ ಇನ್ನೊಮ್ಮೆ ನೋಡಿದ. ತಾನು ತೆಗೆದ ವಿಡಿಯೋದಲ್ಲೂ ಚಿಕ್ಕಳಿಯನದೇ ಮೆರವಣಿಗೆ! ತಾರಸಿಯ ಬಾಗಿಲಲ್ಲಿ ಅವನು ಕಾಣಿಸಿದ ಕೂಡಲೇ ಮಾವ ಎದ್ದುನಿಂತು, 'ಬನ್ನಿ ಬನ್ನಿ ಅಳಿಯಂದ್ರೇ, ಇಲ್ಲಿ ನನ್ನ ಪಕ್ಕ ಕೂತ್ಕೊಳ್ಳಿ' ಎನ್ನುತ್ತಾರೆ. ಇವನ ಕಡೆಗೆ ತಿರುಗಿದರೆ, 'ಲೋ, ಅವರಿಗೊಂದು ಕುರ್ಚಿ ತಾರೋ.' ಅವನಿಗೆ ಬನ್ನಿ, ಇವನಿಗೆ ಲೋ. ಅವನಿಗೆ ಕೂತ್ಕೊಳ್ಳಿ, ಇವನಿಗೆ ತಾರೋ. ಮದುವೆಯಾದಾಗಿನಿಂದ ನುಂಗಿಕೊಂಡದ್ದೆಲ್ಲ ಗಂಟಲಿಗೆ ಬಂತು.

ಕತ್ತರಿಯ ಚಿತ್ರವಿದ್ದ ಗುಂಡಿ ಒತ್ತಿದ. ಮೊದಲು ಹೋದದ್ದು ತನ್ನನ್ನು 'ಲೋ' ಎಂದ ತುಣುಕುಗಳು. ಆಮೇಲೆ ಚಿಕ್ಕಳಿಯನ ಮುಖ ಬಂದಲ್ಲೆಲ್ಲ ಕಚಕ್. ಅಷ್ಟಾದರೂ ಅವನ ನಗು ಹೋಗಲಿಲ್ಲ. ಮಾವ ಒಬ್ಬರೇ ಕೂತಿರುವ ಚಿತ್ರದಲ್ಲೂ ಪಕ್ಕದಿಂದ ಗಹಗಹ. ಕೊನೆಗೆ ಧ್ವನಿಯ ಪಟ್ಟಿಯ ಮೇಲಿದ್ದ ಪುಟ್ಟ ಸ್ಪೀಕರಿನ ಗುರುತು ಒತ್ತಿದ. ಒಮ್ಮೆಗೇ ಎಲ್ಲ ಸದ್ದಡಗಿತು. ಅದರ ಮೇಲೆ ಸಾಫ್ಟ್‌ವೇರಿನ ಜೊತೆ ಪುಕ್ಕಟೆ ಬಂದಿದ್ದ ಒಂದು ಪಿಟೀಲಿನ ಸಂಗೀತ ಹಾಸಿದ. ಈಗ ಚಿಕ್ಕಳಿಯ ಹುಡುಕಿದರೂ ಸಿಗುತ್ತಿರಲಿಲ್ಲ. ಎಷ್ಟೋ ವರ್ಷದಲ್ಲಿ ಅವನಿಗೆ ಅಷ್ಟು ಸಮಾಧಾನವಾದದ್ದೇ ಇಲ್ಲ. ಒಂದೇ ವಿಡಿಯೋ ಮಾಡಿ, ವಿಡಿಯೋ ಡಿವಿಡಿ ಎಂದೇ ಆರಿಸಿ, ಡಿಸ್ಕಿಗೆ ಹಾಕಿದ.

ಅಂಗಡಿಗೆ ರಜೆಯಿದ್ದ ದಿನ ಮಧ್ಯಾಹ್ನ ಊಟ ಆದಮೇಲೆ ಅತ್ತೆಯನ್ನು ಟೀವಿಯ ಮುಂದೆ ಕೂರಿಸಿ ಡಿಸ್ಕು ಹಾಕಿದ. ಪ್ಲೇಯರು ಗೊರಗೊರ ಎಂದು, ಸ್ವಲ್ಪ ಯೋಚಿಸಿ, ಒಪ್ಪಿಕೊಂಡಿತು. ಪಿಟೀಲು ಶುರುವಾಯಿತು. ತಾರಸಿ, ಬಿಸಿಲು, ಬಿಳಿ ಅಂಗಿಯ ಮಾವ. ದೊಡ್ಡಳಿಯ ಟೀವಿ ನೋಡಲಿಲ್ಲ, ಅತ್ತೆಯ ಮುಖವನ್ನೇ ನೋಡುತ್ತ ನಿಂತ.

ಅತ್ತೆ ಸ್ವಲ್ಪ ಹೊತ್ತು ಪಿಟೀಲು ಕೇಳಿದರು. 'ಹಾಡಾ ಇದು?' ಎಂದರು.

'ಇಲ್ಲ ಅತ್ತೆ. ಮಾವ. ನೋಡಿ, ತಾರಸಿ ಮೇಲೆ ಕೂತಿದಾರೆ.'

'ಹೌದಾ? ಇವರಾ?' ಅತ್ತೆ ಕುರ್ಚಿಯನ್ನು ಮುಂದೆ ಎಳೆದುಕೊಂಡರು. 'ಬೆಳ್ಳಗೆ ಏನೋ ಅಲ್ಲಾಡ್ತಿರೋದು ಕಾಣತ್ತೆ. ಮಾತಾಡ್ತಿದಾರಾ?'

'ಹೂಂ.'

'ಏನ್ ಹೇಳ್ತಿದಾರೆ?'

ದೊಡ್ಡಳಿಯ ಅತ್ತೆಯ ಕಣ್ಣುಗಳನ್ನು ನೋಡಿದ. ಆ ಕಣ್ಣಿಗೆ ದಿನವೂ ಹನಿ ಹಾಕುವವನು ಅವನೇ. ಇನ್ನು ಯಾವ ಕನ್ನಡಕ ಹಾಕಿದರೂ ಇವರಿಗೆ ಮುಖಗಳು ಕಾಣುವುದಿಲ್ಲ ಎಂದು ಡಾಕ್ಟರು ಹೇಳಿದಾಗ ಪಕ್ಕದಲ್ಲಿ ನಿಂತು ತಲೆಯಾಡಿಸಿದವನೂ ಅವನೇ. ಅತ್ತೆ ದಿನವೂ ಡಿವಿಡಿಯನ್ನು ನೋಡುತ್ತಿರಲಿಲ್ಲ, ಕೇಳುತ್ತಿದ್ದರು. ಅಂಥವರ ಮುಂದೆ ಅವನು ಮಾವನನ್ನು ಬಾಯಿ ಕಟ್ಟಿ ತಂದು ಕೂರಿಸಿದ್ದ. ಚಿಕ್ಕಳಿಯನ ನಗುವಿನ ಮೇಲಿನ ಸಿಟ್ಟಿಗೆ ಅವರ ದನಿಯನ್ನೂ ತೆಗೆದುಹಾಕಿದ್ದ. ಅವನಿಗೆ ತನ್ನ ಮೇಲೇ ಅಸಹ್ಯವಾಯಿತು.

ಮಾವನ ತುಟಿ ಅಲ್ಲಾಡುತ್ತಲೇ ಇತ್ತು. ಕತ್ತರಿಸಿ ಜೋಡಿಸುವಾಗ ಕೇಳಿ ಕೇಳಿ ಆ ಮಾತುಗಳೆಲ್ಲ ಅವನಿಗೆ ಬಾಯಿಪಾಠವಾಗಿದ್ದವು. 'ಬನ್ನಿ ಬನ್ನಿ ಅಳಿಯಂದ್ರೇ, ಇಲ್ಲಿ ನನ್ನ ಪಕ್ಕ ಕೂತ್ಕೊಳ್ಳಿ, ಅಂತಿದಾರೆ,' ಎಂದ.

'ಯಾರಿಗೆ?'

'ನನಗೆ,' ಎಂದುಬಿಟ್ಟ. ಆ ಗಳಿಗೆಯಲ್ಲೂ ಹೊಟ್ಟೆಕಿಚ್ಚು ಬಿಡಲಿಲ್ಲ.

ಅತ್ತೆ ನಕ್ಕೇಬಿಟ್ಟರು. 'ಹೋಗೋ ಸುಳ್ಳ! ಅದು ಚಿಕ್ಕಳಿಯಂದ್ರಿಗೆ ಹೇಳಿದ್ದು. ನಿನಗೆ ಅವರು ಯಾವತ್ತು ಬನ್ನಿ ಅಂದಿದ್ರು? ಬನ್ನಿ ಅನ್ನೋದು ಮನೆಗೆ ಬಂದು ಹೋಗೋರಿಗೆ. ನಿನಗೆ ಏನಂದ್ರು, ಅದನ್ನ ಹೇಳು.'

ದೊಡ್ಡಳಿಯ ಮೆಲ್ಲಗೆ ಹೇಳಿದ: 'ಲೋ, ಸಾಕು ನಿಲ್ಸೋ ಆ ಕ್ಯಾಮೆರಾನ. ಆಗ್ಲಿಂದ ನಿಂತೇ ಇದೀಯಲ್ಲ, ಕಾಲು ನೋಯಲ್ವೇನೋ...'

'ಹಾಗಲ್ಲ, ಹಾಗಲ್ಲ. ಲೋ ಅನ್ನೋದನ್ನ ಎಳೀತಿದ್ರು ಅವರು. ಬೀದಿ ತುದೀಲಿದ್ದೋರಿಗೆಲ್ಲ ಕೇಳಿಸ್ತಿತ್ತು.' ಅತ್ತೆ ಟೀವಿಯ ಕಡೆಗೆ ಕಿವಿ ಕೊಟ್ಟರು. ಪಿಟೀಲು ಕುಯ್ಗುಡುತ್ತಿತ್ತು. 'ಅದು ಇದೆಯಾ ಇದರಲ್ಲಿ?'

'ನಾನು ತೆಗೆದುಬಿಟ್ಟೆ ಅತ್ತೆ. ಕಂಪ್ಯೂಟರಲ್ಲಿದೆ. ವಾಪಸ್ ಹಾಕಬಹುದು. ಆದರೆ ಹಾಕಿದ್ರೆ ಚಿಕ್ಕಳಿಯನ ನಗುನೂ ಬರತ್ತೆ.'

'ಬರ್ಲಿ ಬಿಡು. ಅದಕ್ಕೇನೀಗ?'

ಅವನು ಒಳಗೆ ಹೋಗಿ ಕಂಪ್ಯೂಟರಿನ ಮುಂದೆ ಕೂತ. ಪಿಟೀಲನ್ನು ಅಳಿಸಿದ. ತೆಗೆದ ತುಣುಕುಗಳನ್ನು ಒಂದೊಂದಾಗಿ ಎಳೆದು ಜಾಗಕ್ಕೆ ಕೂರಿಸಿದ. ಸ್ಪೀಕರಿನ ಗುರುತು ಒತ್ತಿದ. ಮೊದಲು ಕೇಳಿಸಿದ್ದು ಚಿಕ್ಕಳಿಯನ ಗಹಗಹ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಬೇಕು, ಚೆನ್ನಾಗಿಯೇ ಉರಿಯಿತು.

'ಬಂತೇನೋ?' ಎಂದು ಅತ್ತೆ ನಡುಮನೆಯಿಂದ ಕೂಗಿದರು.

'ಬರ್ತಾ ಇದಾರೆ ಅತ್ತೆ, ತಡೀರಿ,' ಎಂದು ಅವನು ಧ್ವನಿಯನ್ನು ಪೂರ್ತಿ ಏರಿಸಿದ. ಷಡ್ಡಕನ ನಗು ಮನೆಯೆಲ್ಲ ತುಂಬಿಕೊಂಡಿತು. ಅದರ ಬೆನ್ನಿಗೇ ಮಾವ ಬಂದರು.