ಬೆಳವಕ್ಕಿ ಕೂಗುವ ಕಂಪ್ಯೂಟರ್

ಜಾವಾದ ನಮ್ಮ ಬಂತುಲ್ ಕಡೆ ಯಾರಾದರೂ ತೀರಿಕೊಂಡರೆ ಮನೆಯವರು ಮೊದಲು ಓಡುವುದು ನಾವೆಲ್ಲ ಬು, ಅಂದರೆ ಅಮ್ಮ, ಎಂದು ಕರೆಯುವ ವಾಗಿರಾ ಅವರ ಜೆರಾಕ್ಸ್ ಅಂಗಡಿಗೆ. ಸತ್ತವರ, ಮಕ್ಕಳು ಸೊಸೆಯರ ಹೆಸರು, ಮಣ್ಣು ಮಾಡುವ ಹೊತ್ತು ಎಲ್ಲ ಇರುವ ಲೆಲಾಯು ಹಾಳೆ ಅಲ್ಲೇ ಅಚ್ಚಾಗಬೇಕು. ಹಾಳೆ ಮುಟ್ಟದಿದ್ದರೆ ಪಕ್ಕದ ಕೇರಿಯವರೂ ಬರುವುದಿಲ್ಲ.

ಅವರ ಕಂಪ್ಯೂಟರಿನಂಥ ಸೋಮಾರಿಯನ್ನು ಮಾತ್ರ ನಾನು ಕಂಡಿಲ್ಲ. ಪಕ್ಕದಲ್ಲೇ ನನ್ನ ಸೋತೋ ಸಾರಿನ ಗಾಡಿ. ಬೆಳಿಗ್ಗೆ ಬು ಗುಂಡಿ ಒತ್ತಿ ಅನ್ನಕ್ಕಿಟ್ಟರೆ, ಅನ್ನ ಬೆಂದು ಆರಿದರೂ ಅದು ಕಣ್ಣು ಬಿಡುತ್ತಿರಲಿಲ್ಲ.

"ಹೊಸದು ತಗೊಳ್ಳಿ, ಬು."

"ನಿಧಾನ ಅಂತ ನಿಮ್ಮವ್ವನ್ನ ಬದಲಾಯಿಸ್ತೀಯೇನೋ ತಮ್ಮಾ? ಯಾಕೆ ನಿಧಾನ ಅಂತ ನೋಡೇಬಿಡ್ತೀನಿ."

ನೋಡಿದರು. ಗುಂಡಿ ಒತ್ತಿದೊಡನೆ ತಾವಾಗಿಯೇ ಶುರುವಾಗುವ ಪ್ರೋಗ್ರಾಂಗಳು ಹನ್ನೆರಡಿದ್ದವು. ದಿನಕ್ಕೊಂದನ್ನು ಪಟ್ಟಿಯಿಂದ ತೆಗೆದು, ಹಿಡಿದ ನಿಮಿಷಗಳನ್ನು ಕ್ಯಾಲೆಂಡರಿನಲ್ಲಿ ಬರೆದರು. ನಲವತ್ತು, ಮೂವತ್ತೆರಡು, ಇಪ್ಪತ್ತು. ನನಗೂ ಹುಚ್ಚು ಹಿಡಿದು, ಸೌಟು ಕೈಯಲ್ಲೇ ಇಟ್ಟುಕೊಂಡು ಇಣುಕುತ್ತಿದ್ದೆ. ಹನ್ನೊಂದು ತೆಗೆದ ಮೇಲೆ ಒಂಬತ್ತು ನಿಮಿಷಕ್ಕೆ ಬಂದು ನಿಂತಿತು.

ಹನ್ನೆರಡನೆಯದು ಬೆಳವಕ್ಕಿ. ತೀರಿಹೋದ ಗಂಡ ಪಾಕ್ ತುಕಿಜಾನ್ ತಾವು ಸಾಕಿದ ಹಕ್ಕಿಯ ಕೂಗನ್ನು ಹಿಡಿದಿಟ್ಟು, ಕಂಪ್ಯೂಟರ್ ಏಳುವಾಗ ಕೇಳುವಂತೆ ಮಾಡಿದ್ದರು.

"ಅದನ್ನೂ ತೆಗೀರಿ."

"ಅದಿರ್ಲಿ ಬಿಡು. ನಾನೇ ಬೇಗ ಏಳ್ತೀನಿ."

ಆಮೇಲೊಂದು ದಿನ ಬೆಳಿಗ್ಗೆ ಕಾರ್ಸೊ ಅಜ್ಜ ತೀರಿಕೊಂಡರು. ಎರಡು ಗಂಟೆಗೆ ಮಣ್ಣು. ಮಗ ಸಾರ್ಜೊನೊ ಹತ್ತಕ್ಕೇ ಬಂದ; ಊರಿಡೀ ಕರೆಂಟಿಲ್ಲ. ಹನ್ನೊಂದಕ್ಕೆ ಬಂತು, ಬು ನಾಲ್ಕು ಸಾಲು ಹೊಡೆಯುವಷ್ಟರಲ್ಲಿ ಮತ್ತೆ ಹೋಯಿತು. ಮತ್ತೆ ಬಂದಾಗ ಹನ್ನೆರಡಾಗಿತ್ತು. ಕಂಪ್ಯೂಟರ್ ಹಕ್ಕಿಯ ಬಳಿ ಬಂದು ಕೂತುಬಿಟ್ಟಿತು.

"ಬು, ಅಪ್ಪನ್ನ ನಾಲ್ಕೇ ಜನ ಹೊತ್ಕೊಂಡು ಹೋಗ್ಬೇಕಾ?" ಸಾರ್ಜೊನೊ ಕೇಳಿದ.

ಬು ಒಮ್ಮೆ ಅವನ ಮುಖ ನೋಡಿದರು. ಕೂಗನ್ನು ಅರ್ಧದಲ್ಲೇ ನಿಲ್ಲಿಸಿ, ಕರೆಂಟು ಮತ್ತೆ ಹೋದೀತೆಂದು ಪಟ್ಟಿಯಿಂದಲೂ ತೆಗೆದರು. ಅಂದುಕೊಂಡಂತೆ ಕರೆಂಟು ಇನ್ನೊಮ್ಮೆ ಹೋಗಿ ಬಂತು. ಈ ಸಲ ಕಂಪ್ಯೂಟರ್ ಎರಡೇ ನಿಮಿಷಕ್ಕೆ ಎದ್ದಿತು. ಇನ್ನೂರು ಹಾಳೆ ಬೈಕುಗಳಲ್ಲಿ ಕೇರಿ ಕೇರಿಗೆ ಹೋದವು. ಎರಡು ಗಂಟೆಗೆ ಓಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾನೂ ಹೆಗಲು ಕೊಟ್ಟೆ.

ಮರುದಿನ ಬೆಳಿಗ್ಗೆ ಬು ಎಂದಿನಂತೆ ಗುಂಡಿ ಒತ್ತಿ ಅಕ್ಕಿ ತೊಳೆಯಲು ಹೋದರು. ವಾಪಸು ಬರುವಷ್ಟರಲ್ಲಿ ಕಂಪ್ಯೂಟರ್ ಸದ್ದಿಲ್ಲದೆ ತೆರೆದುಕೊಂಡಿತ್ತು. ಪಾತ್ರೆ ಹಿಡಿದುಕೊಂಡೇ ನಿಂತರು. ತೆಗೀರಿ ಎಂದಿದ್ದ ನಾನು ತಲೆ ತಗ್ಗಿಸಿ ಸಾರು ಕಲಕತೊಡಗಿದೆ.

"ಎದ್ದೇಬಿಟ್ಟಿದೆ ನೋಡೋ," ಎಂದರು. "ಇನ್ನು ಬೆಳಿಗ್ಗೆ ನಾನು ಯಾರಿಗೆ ಕಾಯ್ಲಿ?"