ಬರ್ಮಾಕ್ಕೆ ಹೋದ ದೊಡ್ಡಜ್ಜ

ವಿಜಯನಗರದ ನಮ್ಮ ಮನೆಯ ಹಾಲ್‌ನಲ್ಲಿ ದಿನಾ ಸಂಜೆ ಎರಡನೇ ಮಹಾಯುದ್ಧ ನಡೆಯುತ್ತಿತ್ತು. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರು. ಎರಡು ಸಾವಿರದ ಇಸವಿ ಕಳೆದ ಮೊದಲ ವರ್ಷಗಳು ಅವು. ಶಾಲೆ ಬಿಟ್ಟ ಮೇಲೆ ಹತ್ತನೇ ಕ್ಲಾಸಿನ ಮಕ್ಕಳಿಗೆ ಮನೆಯಲ್ಲೇ ಟ್ಯೂಷನ್ ಹೇಳುತ್ತಿದ್ದೆ. ಸರ್ವಾಧಿಕಾರ, ಓಲೈಕೆ ನೀತಿ, ಯುದ್ಧಕೈದಿ, ಬೇಷರತ್ ಶರಣಾಗತಿ: ಮುಖ್ಯ ಪದಗಳನ್ನೆಲ್ಲ ಗಟ್ಟಿಯಾಗಿ ಒದರಿಸಿ ಬಾಯಿಪಾಠ ಮಾಡಿಸದಿದ್ದರೆ ಆ ಪುಣ್ಯಾತ್ಮರ ತಲೆಗೆ ಏನೂ ಹೋಗುತ್ತಿರಲಿಲ್ಲ. "ಸರ್ವಾಧಿಕಾರಿ ಅಂದ್ರೆ ಯಾರ್ರೋ?" ಎಂದರೆ "ನಮ್ಮ ಪೀಟಿ ಸಾರ್, ಮಿಸ್!" ಎಂದು ಒಬ್ಬ ಕೂಗುತ್ತಿದ್ದ. ಉಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಮೂಲೆಯಲ್ಲಿ ದೊಡ್ಡಜ್ಜಿ ಹೂಬತ್ತಿ ಹೊಸೆಯುತ್ತಾ ಕೂತಿರುತ್ತಿದ್ದಳು. ನನ್ನ ತಾತನ ಅಣ್ಣನ ಹೆಂಡತಿ. ಮಕ್ಕಳಿಲ್ಲ. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡ ನನ್ನ ಅಪ್ಪನನ್ನು ಸಾಕಿದವಳು ಅವಳೇ. ಎಂಬತ್ತು ದಾಟಿದ ಆ ಹಣೆಯ ಮೇಲೆ ಕಾಸಿನಗಲ ಕುಂಕುಮ, ಕೈತುಂಬ ಹಸಿರು ಗಾಜಿನ ಬಳೆ. ಅವಳ ಗಂಡ ಬಿನ್ನಿಪೇಟೆಯ ಗಿರಣಿಯಲ್ಲಿ ಗುಮಾಸ್ತರಾಗಿದ್ದರು. ಅಲ್ಲಿ ಸೈನ್ಯಕ್ಕೆ ಖಾಕಿ ಬಟ್ಟೆ ನೇಯುತ್ತಿದ್ದರಂತೆ. ಯುದ್ಧದ ಕಾಲದಲ್ಲಿ ಸೈನ್ಯ ಸೇರಿ, ಅದೇ ಖಾಕಿ ತೊಟ್ಟು ಒಂದು ದಿನ ಅವರೂ ಬರ್ಮಾಕ್ಕೆ ಹೊರಟರು. ಆಮೇಲೆ ಬಂದದ್ದು ಕಾಣೆಯಾಗಿದ್ದಾರೆ ಎನ್ನುವ ತಂತಿ ಮಾತ್ರ. ಸತ್ತರು ಎಂದು ಯಾರೂ ಹೇಳಲಿಲ್ಲ.

ಹೀಗೆ ಕಾಣೆಯಾದವರಿಗೆ ನಮ್ಮಲ್ಲಿ ಒಂದು ಕರ್ಮವಿದೆ. ವರ್ಷಗಟ್ಟಲೆ ಕಾದು, ಬರಲಿಲ್ಲವೆಂದರೆ ದರ್ಭೆಯಲ್ಲಿ ಬೊಂಬೆ ಮಾಡಿ ಅದನ್ನೇ ಹೆಣವೆಂದು ಸುಡುತ್ತಾರೆ. ಆವತ್ತಿನಿಂದ ಹೆಂಡತಿ ವಿಧವೆ. ದೊಡ್ಡಜ್ಜಿಯ ಮಾವನವರು ಅದಕ್ಕೆ ಎಲ್ಲ ಅಣಿ ಮಾಡಿದಾಗ ಇವಳು ಹೊಸಿಲಿಗೆ ಅಡ್ಡ ಕೂತು, "ಹುಲ್ಲು ಸುಟ್ಟು ನನ್ನ ಕುಂಕುಮ ಅಳಿಸ್ತೀರಾ?" ಎಂದಳಂತೆ. ಸೊಸೆಯರು ತಲೆ ಎತ್ತಿ ಮಾತಾಡದ ಕಾಲ ಅದು. ಕರ್ಮ ಅಲ್ಲಿಗೇ ನಿಂತಿತು. ನನಗೆ ಬುದ್ಧಿ ಬಂದಾಗಿನಿಂದ ಅವಳು ಕೇಳುತ್ತಿದ್ದದ್ದು ಒಂದೇ: "ನನ್ನನ್ನ ಮುತ್ತೈದೆಯಾಗೇ ಕಳಿಸ್ಬೇಕು ಕಣೇ."

ಒಂದು ಸಂಜೆ ಮಕ್ಕಳು, "ಯುದ್ಧಕೈದಿ ಎಂದರೆ ಶತ್ರುವಿನ ಕೈಗೆ ಸೆರೆಸಿಕ್ಕ ಸೈನಿಕ. ಯುದ್ಧ ಮುಗಿದ ಮೇಲೆ ಅವನನ್ನು ಬಿಡುಗಡೆ ಮಾಡಬೇಕು" ಎಂದು ರಾಗವಾಗಿ ಒದರುತ್ತಿದ್ದರು. ಬತ್ತಿ ಹೊಸೆಯುವ ಕೈ ನಿಂತಿತು.

"ಎಲ್ಲರನ್ನೂ ಬಿಟ್ರಂತೇನೇ?"

"ಬಹುತೇಕ ಎಲ್ಲರನ್ನೂ ಬಿಟ್ರಜ್ಜಿ."

"ಬಹುತೇಕ" ಎಂದು ಅವಳು ತನ್ನಷ್ಟಕ್ಕೆ ಹೇಳಿಕೊಂಡಳು. ಮುಖ ಎಷ್ಟು ಅರಳಿತೆಂದರೆ ನನಗೆ ಭಯವಾಯಿತು. ಆಮೇಲೆ ಮತ್ತೆ ಕೇಳಿದಳು: "ಆ ಸರ್ವಾಧಿಕಾರಿ ಸತ್ತದ್ದು ಯಾವತ್ತು ಅಂತ ನಿನ್ನ ಪುಸ್ತಕದಲ್ಲಿದೆ. ಅವನಿಂದಾಗಿ ಹೋದವರದ್ದು ಯಾಕಿಲ್ಲ?" ಮಕ್ಕಳು ನನ್ನ ಮುಖ ನೋಡಿದರು. ನಾನು ಮುಂದಿನ ಪದಕ್ಕೆ ಹೋದೆ.

ಅಂದಿನಿಂದ ನಮ್ಮ ಮನೆಯ ಮುಸ್ಸಂಜೆಯೇ ಬೇರೆಯಾಯಿತು. ದೀಪ ಹಚ್ಚುವ ಹೊತ್ತಿಗೆ ಲಕ್ಷ್ಮಿ ಬರಲಿ ಎಂದು ಹಿತ್ತಿಲ ಬಾಗಿಲು ಹಾಕಿ ಮುಂಬಾಗಿಲು ತೆಗೆದಿಡುವುದು ಎಲ್ಲರ ಮನೆಯ ರೂಢಿ. ದೊಡ್ಡಜ್ಜಿ ಬಾಗಿಲು ತೆಗೆದು ಒಳಗೆ ಬರುತ್ತಲೇ ಇರಲಿಲ್ಲ. ಕಂಬ ಹಿಡಿದು ಗೇಟನ್ನೇ ನೋಡುತ್ತಾ ನಿಲ್ಲುವಳು. ಗೇಟು ಕಿರ್ ಎಂದರೆ ಸಾಕು, ಸೆರಗು ಸರಿ ಮಾಡಿಕೊಳ್ಳುವಳು. ಬಂದದ್ದು ಕೊರಿಯರ್‌ನವನು, ಇಲ್ಲವೇ ಕೇಬಲ್ ಟೀವಿಯವನು. ಅದನ್ನು ನೋಡಿ ನನಗೂ ಅಂಟಿಕೊಂಡಿತು. ಗೇಟು ಸದ್ದಾದರೆ ಖಾಕಿ ತೊಟ್ಟ, ಮುಖವಿಲ್ಲದ ಒಬ್ಬರು ಕಣ್ಣ ಮುಂದೆ ನಿಲ್ಲುತ್ತಿದ್ದರು. ಅವರದೊಂದು ಫೋಟೋ ಕೂಡ ನಮ್ಮಲ್ಲಿರಲಿಲ್ಲ.

ಆ ಹೊತ್ತಿನಲ್ಲೇ ನನ್ನ ಮದುವೆಯ ಗಲಾಟೆ. ವಯಸ್ಸು ಮೂವತ್ತು ದಾಟಿತ್ತು, ಬಂದ ಸಂಬಂಧಗಳೆಲ್ಲ ಕಾಫಿ-ಉಪ್ಪಿಟ್ಟು ಮುಗಿಸಿ ನಾಪತ್ತೆ. ಅಪ್ಪ ಯಾರೋ ಜೋಯಿಸರಲ್ಲಿಗೆ ಹೋಗಿ ಬಂದರು. ಮನೆತನದ ಒಂದು ಜೀವಕ್ಕೆ ಮುಕ್ತಿ ಸಿಕ್ಕಿಲ್ಲವಂತೆ, ಅದೇ ಅಡ್ಡಗಾಲಂತೆ, ನಿಂತುಹೋದ ಕರ್ಮವನ್ನು ಈಗಲಾದರೂ ಮಾಡಿ ಮುಗಿಸಬೇಕಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ನನಗೆ ಗಂಡು ಸಿಗದಿರುವುದಕ್ಕೆ ಬರ್ಮಾ ಯುದ್ಧ ಕಾರಣವಂತೆ! ನನ್ನ ನಾಲಿಗೆ ಕಾರಣ ಎಂದಿದ್ದರೆ ಒಪ್ಪಿಕೊಳ್ಳುತ್ತಿದ್ದೆ.

"ನನಗೆ ಗಂಡ ಬರ್ಲಿ ಅಂತ ಅಜ್ಜಿಯ ಗಂಡನ್ನ ಸುಡ್ತೀರಾ?" ಎಂದು ಅಪ್ಪನಿಗೆ ಮುಖಕ್ಕೆ ಹೊಡೆದ ಹಾಗೆ ಕೇಳಿದೆ.

"ನನಗೇನು ಖುಷಿನಾ? ದೊಡ್ಡಮ್ಮ ನನ್ನ ಸಾಕಿದೋರು ಕಣೇ. ಆದ್ರೆ ನೀನು ಹೀಗೇ ಉಳಿದುಬಿಟ್ರೆ?" ಎಂದರು ಅಪ್ಪ.

ಮಾರನೇ ದಿನ ದೊಡ್ಡಜ್ಜಿ ನನ್ನನ್ನು ಪಕ್ಕಕ್ಕೆ ಕರೆದಳು. ಹಣೆಯ ಕುಂಕುಮ ಸಾಸಿವೆ ಕಾಳಿನಷ್ಟಕ್ಕೆ ಇಳಿದಿತ್ತು. "ನಿನ್ನ ಮದುವೆ ಆಗೋದಾದ್ರೆ ಮಾಡ್ಲಿ ಬಿಡು ಮಗು. ನಾನು ಕಾದಿದ್ದು ಸಾಕು" ಎಂದಳು. ಹುಣಸೆಹಣ್ಣು ತೀರಿದೆ ಎನ್ನುವಷ್ಟು ಸಲೀಸಾಗಿ ಹೇಳಿದಳು. ಬೇಷರತ್ ಶರಣಾಗತಿ ಎಂದು ಎಷ್ಟು ಮಕ್ಕಳಿಂದ ಒದರಿಸಿದ್ದೆನೋ! ಅದು ಹೇಗಿರುತ್ತದೆ ಎಂದು ಆವತ್ತು ಕಂಡೆ. ಕುಂಕುಮದ ಕರಡಿಗೆ ತಂದು, ಅವಳ ಗಲ್ಲ ಹಿಡಿದು, ಮೊದಲಿನಷ್ಟೇ ದೊಡ್ಡ ಕುಂಕುಮ ಇಟ್ಟೆ. "ಇದನ್ನ ಚಿಕ್ಕದು ಮಾಡಿದ್ರೆ ನನ್ನಾಣೆ" ಎಂದು ಗದರಿದೆ. ಇಬ್ಬರೂ ಅತ್ತೆವು. ಬಾಗಿಲಲ್ಲಿ ಅಪ್ಪ ನಿಂತಿದ್ದರು. ಹಾಗೇ ಹೊರಗೆ ಹೋದರು. ಕರ್ಮದ ಮಾತು ಮತ್ತೆ ಮನೆಯಲ್ಲಿ ಬರಲಿಲ್ಲ.

ಅದಾಗಿ ಒಂದೆರಡು ವರ್ಷಕ್ಕೆ, ಒಂದು ಬೆಳಿಗ್ಗೆ, ದೊಡ್ಡಜ್ಜಿ ಎದ್ದೇಳಲಿಲ್ಲ. ಪುರೋಹಿತರು ಬಂದರು. ಸೀರೆ ಯಾವುದು, ಬಳೆ ಇರಬೇಕೋ ಬೇಡವೋ ಎಂದು ತೀರ್ಮಾನವಾಗಬೇಕಿತ್ತು. "ಇವರ ಯಜಮಾನರು ಇದ್ದಾರಾ?" ಎಂದು ಕೇಳಿದರು. ನಾನು ಜಗಳಕ್ಕೆ ಸೆರಗು ಕಟ್ಟಿಕೊಂಡೇ ನಿಂತಿದ್ದೆ.

"ಇದ್ದಾರೆ" ಎಂದರು ಅಪ್ಪ. "ಬರ್ಮಾದಲ್ಲಿ."

ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಮಡಿಲು ತುಂಬಿ, ಮುತ್ತೈದೆಯಾಗಿಯೇ ಕಳಿಸಿದೆವು. ಗೆದ್ದೆವು ಎಂದುಕೊಂಡಿದ್ದೆ ನಾನು.

ಪಿತೃಪಕ್ಷ ಬಂತು. ಮುತ್ತೈದೆಯಾಗಿ ತೀರಿಕೊಂಡವರಿಗೆ ಅವಿಧವಾ ನವಮಿಯ ದಿನ ಎಡೆ ಇಡಬೇಕು. ಎಲ್ಲ ಮುಗಿಸಿ, ದಕ್ಷಿಣೆ ತೆಗೆದುಕೊಂಡು ಏಳುವಾಗ ಪುರೋಹಿತರು ತಮ್ಮ ರೂಢಿಯಂತೆ ಹೇಳಿದರು: "ಪ್ರತಿ ವರ್ಷ ತಪ್ಪಿಸ್ಬೇಡಿ. ಯಜಮಾನರು ಇರೋವರೆಗೂ ಮಾಡ್ಬೇಕು. ಅವರು ಹೋದ ಮೇಲೆ ಇದನ್ನ ನಿಲ್ಲಿಸ್ಬಹುದು."

ಅಪ್ಪ ತಲೆ ಆಡಿಸಿದರು. ಯಾವಾಗ ನಿಲ್ಲಿಸುವುದು ಎಂದು ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಆ ಸಂಜೆ ಮಕ್ಕಳು ಟ್ಯೂಷನ್‌ಗೆ ಬಂದರು, ಯುದ್ಧ ಎಂದಿನಂತೆ ಶುರುವಾಯಿತು. ಅಪ್ಪ ದೀಪ ಹಚ್ಚಿದರು. ಹಿತ್ತಿಲ ಬಾಗಿಲು ಹಾಕಿ, ಮುಂಬಾಗಿಲು ತೆಗೆದು, ಕಂಬ ಹಿಡಿದುಕೊಂಡು ಗೇಟನ್ನೇ ನೋಡುತ್ತಾ ನಿಂತರು.