ಪಕ್ಕದ ಕೋಣೆಯ ರಿಜಿಸ್ಟರು

ಬಸ್ ನಿಲ್ದಾಣದ ಕಳೆದುಹೋದ ವಸ್ತುಗಳ ಕಚೇರಿಯಲ್ಲಿ ಮೂವತ್ತು ವರ್ಷ ಕೂತ ಗುಮಾಸ್ತರಿಗೆ ಕಂಡಕ್ಟರುಗಳು ಇಟ್ಟ ಹೆಸರು ಬಂದಿಲ್ಲಪ್ಪ. ಕಿಟಕಿಗೆ ಯಾರು ತಲೆ ಹಾಕಿದರೂ ಗುಮಾಸ್ತರ ಬಾಯಿಂದ ಬರುತ್ತಿದ್ದುದು ಅದೊಂದೇ ಮಾತು, "ಬಂದಿಲ್ಲ." ಒರಟಾಗಿ ಅಲ್ಲ, ಪಾಪ. ಬಂದವರನ್ನು ಕೂರಿಸಿ, ನೀರು ಕೊಟ್ಟು, ಮೆತ್ತಗೆ ಹೇಳುತ್ತಿದ್ದರು.

ಕಳೆದುಕೊಂಡವರ ದೂರೆಲ್ಲ ಇವರ ರಿಜಿಸ್ಟರಿನಲ್ಲಿ. ಬಸ್ಸಿನಲ್ಲಿ ಸಿಕ್ಕ ಸಾಮಾನೆಲ್ಲ ಪಕ್ಕದ ಕೋಣೆಯ ಸ್ಟೋರ್‌ಕೀಪರನ ರಿಜಿಸ್ಟರಿನಲ್ಲಿ. ಶನಿವಾರ ಶನಿವಾರ ಇಬ್ಬರೂ ಎದುರುಬದುರು ಕೂತು ಒಬ್ಬರು ಓದುವುದು, ಇನ್ನೊಬ್ಬರು ಹುಡುಕುವುದು. ಆ ಪದ್ಧತಿ ನಿಂತದ್ದು ಒಂದು ಮಾತಿಗೆ. ಹೊಸ ಅಧಿಕಾರಿಯ ಎದುರು ಸ್ಟೋರ್‌ಕೀಪರ್ ತಮಾಷೆಗೆ, "ಇವ್ರದು ಕಾಗೆ ಕಾಲು ಗುಬ್ಬಿ ಕಾಲು ಸಾರ್, ಬರೆದವ್ರಿಗೇ ಓದೋಕೆ ಬರಲ್ಲ" ಎಂದುಬಿಟ್ಟ. ಅಂದಿನಿಂದ ಬಂದಿಲ್ಲಪ್ಪನವರು ಮುಖ ಊದಿಸಿಕೊಂಡರು. ಆತನೂ ಬಗ್ಗಲಿಲ್ಲ. ಒಂಬತ್ತು ವರ್ಷ, ಆತ ತೀರಿಕೊಳ್ಳುವವರೆಗೂ, ಇಬ್ಬರ ನಡುವೆ ಮಾತಿಲ್ಲ ಕತೆಯಿಲ್ಲ.

ಆತ ಹೋದ ಮೇಲೆ ಎರಡು ರಿಜಿಸ್ಟರೂ ಇವರ ಮೇಜಿಗೇ ಬಂದವು. ನಿವೃತ್ತಿಗೆ ಎರಡು ತಿಂಗಳಿರುವಾಗ ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿ ಎಂಬ ಆದೇಶವೂ ಬಂತು. ಕಲಿಸಿದವಳು ಸೊಸೆ. ಕಂಪ್ಯೂಟರಿನಲ್ಲಿ ದೂರಿಗೊಂದು ಟೇಬಲ್, ಅಂದರೆ ಸಾಲು ಕಾಲಮಿನ ಪಟ್ಟಿ, ಸಿಕ್ಕ ಸಾಮಾನಿಗೊಂದು ಟೇಬಲ್ ಮಾಡಿಸಿದಳು.

"ಎರಡನ್ನೂ ಒಂದೇ ಕಡೆ ತುಂಬಿದ್ರೆ ಆಗಲ್ವೇನಮ್ಮ?"

"ಬೇಡ ಮಾವ, ಬೇರೆ ಬೇರೇನೇ ಇರ್ಲಿ. ಆದ್ರೆ ಒಂದಕ್ಕೊಂದು ಗುರ್ತು ಸಿಗ್ಬೇಕು. ನೀವು ಟೇಪ್‌ರೆಕಾರ್ಡರ್ ಅಂತ ಬರ್ದಿದೀರಿ, ಸ್ಟೋರ್‌ಕೀಪರ್ರು ಹಾಡಿನ ಡಬ್ಬಿ ಅಂತ ಬರ್ದಿದಾರೆ. ಕಂಪ್ಯೂಟರಿಗೆ ಹೇಗೆ ಗೊತ್ತಾಗ್ಬೇಕು?"

ಅದಕ್ಕೆಂದೇ ಮೂರನೆಯ ಟೇಬಲ್ಲು, ಸಾಮಾನಿನ ಬಗೆಗಳದು. ಛತ್ರಿಗೊಂದು ಸಂಖ್ಯೆ, ಕನ್ನಡಕಕ್ಕೊಂದು ಸಂಖ್ಯೆ. ಮಿಕ್ಕೆರಡು ಟೇಬಲ್ಲುಗಳಲ್ಲೂ ಆ ಸಂಖ್ಯೆಯನ್ನೇ ಹಾಕುವುದು. ಸಂಖ್ಯೆ ಒಂದೇ ಆಗಿ, ಬಸ್ಸಿನ ಮಾರ್ಗವೂ ಒಂದೇ ಆಗಿ, ಕಳೆದುಹೋದ ಒಂದು ತಿಂಗಳೊಳಗೆ ಸಿಕ್ಕಿದ್ದರೆ ಎರಡೂ ಸಾಲು ಪಕ್ಕಪಕ್ಕ ಬಂದು ನಿಲ್ಲುತ್ತವೆ. ಆರು ವಾರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತುಂಬಿದ ಬಂದಿಲ್ಲಪ್ಪನವರು ಒಂದು ಬೆಳಿಗ್ಗೆ ಗುಂಡಿ ಒತ್ತಿದರು.

ವಾರಸುದಾರರಿಗೆ ಮುಟ್ಟದೇ ಹೋದ ನಾನೂರ ಹನ್ನೆರಡು ಜೋಡಿ ಬಂದವು, ಎಲ್ಲವೂ ಆ ಒಂಬತ್ತು ವರ್ಷದ್ದೇ. ಮುಕ್ಕಾಲು ಪಾಲು ಛತ್ರಿ. ಅದಕ್ಕಾದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ನಡುವೆ ಒಂದು ಟೇಪ್‌ರೆಕಾರ್ಡರ್ ಇತ್ತು. ದೂರು ಕೊಟ್ಟಾಕೆ ಬಟ್ಟೆ ಹೊಲಿಯುವ ಹೆಂಗಸು. ಗಂಡ ಸತ್ತ ತಿಂಗಳೇ, ಆತನ ದನಿಯಿದ್ದ ಒಂದೇ ಒಂದು ಕ್ಯಾಸೆಟ್ಟನ್ನು ಅದರೊಳಗೇ ಬಿಟ್ಟು ಬಸ್ಸಿಳಿದಿದ್ದಳು. ಏಳು ಸೋಮವಾರ ಬಂದಿದ್ದಳು. ಏಳು ಸಲವೂ ಇವರು ಕೂರಿಸಿ, ನೀರು ಕೊಟ್ಟು, "ಬಂದಿಲ್ಲಮ್ಮ" ಎಂದಿದ್ದರು.

ಬಂದಿತ್ತು. ಎರಡನೆಯ ಸೋಮವಾರಕ್ಕೆ ಮುಂಚೆಯೇ ಬಂದು, ಆರು ತಿಂಗಳು ಕಪಾಟಿನಲ್ಲಿ ಕೂತು, ನಿಯಮದಂತೆ ಗುಜರಿಗೆ ಹೋಗಿತ್ತು. ಷರಾ ಕಾಲಮಿನಲ್ಲಿ ಸ್ಟೋರ್‌ಕೀಪರ್ ಬರೆದಿದ್ದ: "ಹಾಕಿ ಕೇಳಿದೆ. ಒಬ್ಬ ಗಂಡಸು ನಗುತ್ತಾ, ಕತ್ತರಿ ಎಲ್ಲಿಟ್ಟೆ ಎಂದು ಹೆಂಡತಿಯನ್ನು ಕೇಳುತ್ತಾನೆ. ಹುಡುಕಿಕೊಂಡು ಬಂದೇ ಬರುತ್ತಾರೆ."

ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಂದೀತೇ ಎನ್ನುತ್ತಾರೆ. ಇಲ್ಲಿ ಕೋಪ ಇವರದು, ಹೋದ ಮೂಗು ಇನ್ನೊಬ್ಬಳದು. ಹೇಳದೆ ಇದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮರುದಿನ ಆ ಸಾಲನ್ನು ಕಾಗದಕ್ಕಿಳಿಸಿಕೊಂಡು, ದೂರಿನಲ್ಲಿದ್ದ ವಿಳಾಸ ಹುಡುಕಿ ಹೋದರು.

ಆಕೆ ಮೆಷಿನ್ನಿನ ಮುಂದೆಯೇ ಇದ್ದಳು. ತಲೆ ಪೂರ್ತಿ ನೆರೆತಿತ್ತು. ಬಂದಿಲ್ಲಪ್ಪನವರು ನಿಂತುಕೊಂಡೇ ಒಂದೂ ಮುಚ್ಚಿಡದೆ ಹೇಳಿದರು, ಮಾತು ಬಿಟ್ಟದ್ದನ್ನೂ. ಆಕೆ ಷರಾ ಓದಿಸಿದಳು. ಮತ್ತೊಮ್ಮೆ ಓದಿಸಿದಳು.

"ನಗ್ತಿದ್ರು ಅಂತ ಇದೆಯಾ?"

"ಇದೆ."

"ಅದು ನನಗೆ ಮರ್ತೇ ಹೋಗಿತ್ತು."

ಬಂದಿಲ್ಲಪ್ಪನವರು ತಪ್ಪು ತಮ್ಮದೇ ಎಂದರು. ಆಕೆ ಬೈಯಲಿಲ್ಲ, ಅಳಲೂ ಇಲ್ಲ. ಬಟ್ಟೆಯ ಅಂಚು ನೀವುತ್ತಾ ಕೇಳಿದಳು:

"ಇದನ್ನ ಬರ್ದವ್ರು ನಿಮ್ಮಿಂದ ಎಷ್ಟು ದೂರದಲ್ಲಿ ಕೂರ್ತಿದ್ರು?"

"ಪಕ್ಕದ ಕೋಣೇಲಿ."

"ಮಧ್ಯೆ ಬಾಗ್ಲು ಇರ್ಲಿಲ್ವಾ?"

"ಇತ್ತಮ್ಮ," ಎಂದರು ಬಂದಿಲ್ಲಪ್ಪನವರು. "ತೆಗ್ದೇ ಇರ್ತಿತ್ತು."